ಹಾಡು ಎಲ್ಲಿ ನಿಲ್ಲುತ್ತದೆ? ಅಂತರ್ಯುದ್ಧ ಮುಗಿದ ಮನೆಯೊಂದರ ನಾಟಕ ಕಟ್ಟುವವರಿಗೆ

ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹವ್ಯಾಸಿ ತಂಡಗಳ ಗೆಳೆಯರು ಕೆಲವು ಸಮಯದಿಂದ ಒಂದೇ ವಿಷಯವನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. “ಶ್ರೀಲಂಕಾದ ಯುದ್ಧದ ಮೇಲೆ ನಾಟಕ ಮಾಡ್ಬೇಕು ಅಂತಿದ್ದೇವೆ, ಬಾಂಬ್ ಬೀಳುವುದನ್ನು ಹೇಗೆ ತೋರಿಸುವುದು?” “ಹಾಡು ತಮಿಳಿನಲ್ಲೇ ಇರಬೇಕಾ?” “ನಮ್ಮ ಮಕ್ಕಳು ಯುದ್ಧ ಕಂಡವರಲ್ಲ ಮಾರಾಯ್ರೆ, ಅಭಿನಯ ಎಲ್ಲಿಂದ ತರುವುದು?” ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಕೂತು ಪೂರ್ತಿ ಬರೆಯುವುದು ಒಳ್ಳೆಯದು ಅನ್ನಿಸಿತು.

ಮೊದಲ ಪ್ರಶ್ನೆಗೆ ಇಲ್ಲೇ ಉತ್ತರ: ಬಾಂಬನ್ನು ತೋರಿಸಬೇಡಿ. ನಿಮ್ಮ ನಾಟಕ ಯುದ್ಧದ್ದಲ್ಲ, ಯುದ್ಧ ಮುಗಿದ ಮೇಲೆ ಉಳಿದ ಮನೆಯದ್ದು. ಆ ಮನೆಯಲ್ಲಿ ಎಲ್ಲರಿಗೂ ಬರುವ ಒಂದು ಹಾಡಿರಲಿ. ಒಬ್ಬೊಬ್ಬರು ಆ ಹಾಡನ್ನು ಒಂದೊಂದು ಕಡೆ ನಿಲ್ಲಿಸುತ್ತಾರೆ. ಎಲ್ಲಿ ನಿಲ್ಲಿಸುತ್ತಾರೆ, ಯಾಕೆ ನಿಲ್ಲಿಸುತ್ತಾರೆ ಎಂಬುದನ್ನು ನೀವು ಕಂಡುಕೊಂಡರೆ ನಾಟಕ ಸಿಕ್ಕಿತು. ಕೆಳಗೆ ಹೇಳಿದ್ದೆಲ್ಲ ಅಲ್ಲಿಗೆ ತಲುಪುವ ದಾರಿ.

ಬೇಕಾದದ್ದು ಹೆಚ್ಚೇನಿಲ್ಲ. ಐದಾರು ನಟರು, ಅವರಲ್ಲಿ ಕನಿಷ್ಠ ಇಬ್ಬರಿಗೆ ಮೈಕ್ ಇಲ್ಲದೆ ಶ್ರುತಿಯಲ್ಲಿ ಹಾಡಲು ಬರಬೇಕು. ಒಂದು ಶ್ರುತಿಪೆಟ್ಟಿಗೆ. ಹತ್ತು ಹನ್ನೆರಡು ವಾರ ಸಮಯ. ತಾಲೀಮಿಗೆ ತಗಡಿನ ಮಾಡು ಇಲ್ಲದ ಜಾಗ, ಏಕೆಂದರೆ ಆಟಿ ತಿಂಗಳ ಮಳೆ ತಗಡಿನ ಮೇಲೆ ಬೀಳುವಾಗ ಮೆಲುದನಿಯ ಹಾಡಿನ ಅಭ್ಯಾಸ ಆಗುವುದೇ ಇಲ್ಲ.

1. ಇಸವಿಗಳ ಹಾಳೆ

ಸಂಭಾಷಣೆಗೆ ಕೈ ಹಾಕುವ ಮೊದಲು ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿ. ಎಡಗಡೆ ದೇಶದ ಇಸವಿಗಳು, ಬಲಗಡೆ ಆಯಾ ವರ್ಷ ಮನೆಯ ಒಬ್ಬೊಬ್ಬರಿಗೆ ಎಷ್ಟು ವಯಸ್ಸು ಎಂಬುದು.

ಎಡಗಡೆ ಇಷ್ಟಾದರೂ ಇರಲಿ. 1981ರ ಮೇ 31ರ ರಾತ್ರಿ, ಶ್ರೀಲಂಕಾದ ಉತ್ತರ ತುದಿಯ ತಮಿಳರ ಪೇಟೆ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕಗಳು ಸುಟ್ಟವು, ಜೊತೆಗೆ ತಾಳೆಗರಿಯ ಹಸ್ತಪ್ರತಿಗಳೂ. 1983ರ ಜುಲೈಯಲ್ಲಿ 13 ಸೈನಿಕರ ಹತ್ಯೆಯ ಬೆನ್ನಿಗೆ ಕೊಲಂಬೊದಲ್ಲಿ ತಮಿಳರ ಮೇಲೆ ದಾಳಿ ನಡೆಯಿತು, ಯುದ್ಧದ ಆರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. 1987ರ ಜುಲೈ 29ರಂದು ಭಾರತ–ಲಂಕಾ ಒಪ್ಪಂದವಾಗಿ ನಮ್ಮ ಶಾಂತಿಪಾಲನಾ ಪಡೆ ಹೋಯಿತು, 1990ರ ಮಾರ್ಚ್‌ನಲ್ಲಿ ಹಿಂದೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ, ಪ್ರತ್ಯೇಕ ತಮಿಳು ದೇಶಕ್ಕಾಗಿ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಎಲ್‌ಟಿಟಿಇಯವರು ಉತ್ತರ ಪ್ರಾಂತ್ಯದ ಮುಸ್ಲಿಮರನ್ನು ಊರು ಬಿಡಿಸಿದರು. 1995ರ ಅಕ್ಟೋಬರ್ ಕೊನೆಗೆ ಜಾಫ್ನಾ ಪೇಟೆಗೆ ಪೇಟೆಯೇ ಗಂಟುಮೂಟೆ ಕಟ್ಟಿ ಹೊರಟಿತು. 2002ರಲ್ಲಿ ಕದನವಿರಾಮ. 2004ರ ಡಿಸೆಂಬರ್ 26ರಂದು ಸುನಾಮಿ. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲಿನ ಕಿರಿದಾದ ಕರಾವಳಿಯಲ್ಲಿ ಯುದ್ಧ ಮುಗಿಯಿತು. ಕಾಣೆಯಾದವರ ತಾಯಂದಿರು ಕಿಳಿನೊಚ್ಚಿಯಲ್ಲಿ ರಸ್ತೆ ಬದಿ ಧರಣಿ ಕೂತದ್ದು 2017ರ ಫೆಬ್ರವರಿಯಲ್ಲಿ.

ಈಗ ಬಲಗಡೆ. ಜಾಫ್ನಾ ಮೂಲದ ತಮಿಳು ಮನೆಯೊಂದರ ಉದಾಹರಣೆ ಕೊಡುತ್ತೇನೆ, ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ. ನಾಟಕ ನಡೆಯುವ ವರ್ಷ 2017. ಅಪ್ಪ ನಾಗಸ್ವರ ನುಡಿಸುತ್ತಿದ್ದವರು, ಈಗ 59. ಅಮ್ಮನಿಗೆ 54, ಗ್ರಂಥಾಲಯ ಸುಟ್ಟಾಗ ಹದಿನೆಂಟು. ಮಗ ಹುಟ್ಟಿದ್ದು 1990ರಲ್ಲಿ, 2009ರ ಮೇಯಲ್ಲಿ ಕೊನೆಯ ಸಲ ಕಂಡಾಗ 19. ಮಗಳು 1995ರ ವಲಸೆಯ ವರ್ಷದವಳು, ಈಗ 22, ತೊಡೆಯ ಮೇಲೆ ಕೂಸು. ಅಮ್ಮಮ್ಮನಿಗೆ 77. ಹೀಗೆ ಬರೆದು ನೋಡಿದ ಕೂಡಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ತಂಗಿ ಈಗ ಅಣ್ಣನ ಫೋಟೊಗಿಂತ ದೊಡ್ಡವಳು. ಇದನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸಬೇಡಿ. ಅವಳು ಫೋಟೊ ಎದುರು ನಿಂತರೆ ಸಾಕು.

ಎಚ್ಚರಿಕೆ: ಹಾಳೆಯಲ್ಲಿರುವ ಇಸವಿಗಳನ್ನೆಲ್ಲ ಸಂಭಾಷಣೆಗೆ ಸುರಿಯಬೇಡಿ. ಅದು ನಟರಿಗೆ ಗೊತ್ತಿರಬೇಕಾದದ್ದು. ಪ್ರೇಕ್ಷಕರಿಗೆ ಮೂರು ಗೊತ್ತಾದರೆ ಬೇಕಾದಷ್ಟಾಯಿತು.

ಇನ್ನೊಂದು ಎಚ್ಚರಿಕೆ: ಒಂದು ಕಡೆಯವರನ್ನೆಲ್ಲ ರಾಕ್ಷಸರನ್ನಾಗಿ ಮಾಡಿಬಿಡುವುದು ಬಹಳ ಸುಲಭ. 1987ರಿಂದ 89ರವರೆಗೆ ದಕ್ಷಿಣದಲ್ಲಿ ನಡೆದ ದಂಗೆಯಲ್ಲಿ ಸಿಂಹಳ ತಾಯಂದಿರ ಮಕ್ಕಳೂ ಕಾಣೆಯಾದರು. ತಮಿಳರ ಮಕ್ಕಳನ್ನು ಮನೆಯಿಂದ ಎಳೆದು ಕೈಗೆ ಕೋವಿ ಕೊಟ್ಟವರು ತಮಿಳರ ಕಡೆಯವರೇ. ಈ ಎರಡು ಮಾತನ್ನು ತಲೆಯಲ್ಲಿಟ್ಟುಕೊಂಡು ಬರೆಯಿರಿ.

2. ಹಾಡು

ನಾಟಕದ ಅರ್ಧ ಕೆಲಸ ಇಲ್ಲಿದೆ, ಆತುರ ಮಾಡಬೇಡಿ.

ಹೆಚ್ಚಿನ ತಂಡಗಳು ಮಾಡುವ ತಪ್ಪೆಂದರೆ ದುಃಖದ ಹಾಡು ಹುಡುಕುವುದು. ಮುಖಾರಿ ರಾಗದಲ್ಲೋ ಶುಭಪಂತುವರಾಳಿಯಲ್ಲೋ ಎಳೆದು ಹಾಡಿಸಿ ಮೊದಲ ದೃಶ್ಯದಲ್ಲೇ ಅಳಿಸಿಬಿಟ್ಟರೆ ಮುಂದಿನ ಒಂದು ಗಂಟೆ ಏನು ಮಾಡುತ್ತೀರಿ? ಹಾಡು ಸುಖದ ದಿನಗಳದ್ದಾಗಿರಬೇಕು. ನನ್ನನ್ನು ಕೇಳಿದರೆ ಜೋಗುಳವೇ ಸರಿ. ತಮಿಳಿನಲ್ಲಿ ಅದಕ್ಕೆ ತಾಲಾಟ್ಟು ಎನ್ನುತ್ತಾರೆ, ಸತ್ತವರ ಮುಂದೆ ಕೂತು ಹಾಡುವ ಅಳುವಿನ ಪದಕ್ಕೆ ಒಪ್ಪಾರಿ. ನಾಗಸ್ವರದ ಮನೆಯಾದ್ದರಿಂದ ಜೋಗುಳಕ್ಕೆ ನೀಲಾಂಬರಿ ಸಹಜ, ಮಗುವನ್ನು ಮಲಗಿಸುವ ರಾಗವೆಂದೇ ಅದು ಹೆಸರಾದದ್ದು.

ತಮಿಳು ಜನಪದ ಜೋಗುಳಗಳಲ್ಲಿ ಒಂದು ಚಂದದ ಕಟ್ಟು ಇದೆ: ಯಾರು ಹೊಡೆದರೆಂದು ಅಳುತ್ತೀ, ಅತ್ತೆಯಾ, ಮಾವನಾ ಎಂದು ನೆಂಟರನ್ನು ಒಬ್ಬೊಬ್ಬರಾಗಿ ಕರೆಯುತ್ತ ಹೋಗುವುದು. ಆ ಕಟ್ಟನ್ನು ಇಟ್ಟುಕೊಂಡು ಸಾಲುಗಳನ್ನು ನೀವೇ ಬರೆಯಿರಿ. ಮಾದರಿಗೆ ನಾನೇ ನಾಲ್ಕು ಸಾಲು ಕಟ್ಟಿದ್ದೇನೆ:

ಯಾರು ಬೈದರು ಕಂದ, ಯಾಕೆ ನೀ ಅಳುವೆ?
ಅತ್ತೆ ಬೈದಳೆ ನಿನ್ನ, ಬಾವಿಯ ಬಳಿಯೆ?
ಮಾವ ಬೈದನೆ ನಿನ್ನ, ತೋಟದ ಬದಿಯೆ?
ಅಣ್ಣ ಬೈದನೆ ನಿನ್ನ, ಆಟದ ನಡುವೆ?

ಈಗ ಇದನ್ನು ಮನೆಯವರಿಗೆ ಹಂಚಿ. ಅಮ್ಮಮ್ಮ ನಾಲ್ಕೂ ಸಾಲು ಹಾಡುತ್ತಾಳೆ, ಅವಳಿಗೆ ಕೆಲವೊಮ್ಮೆ ಕಾಲದ ಪರಿವೆ ಇಲ್ಲ. ಅಮ್ಮ ಮೂರನೆಯ ಸಾಲಿಗೆ ನಿಲ್ಲಿಸುತ್ತಾಳೆ. ‘ಅಣ್ಣ’ ಎಂಬ ಸಾಲನ್ನು ಅವಳು 2009ರಿಂದ ಹಾಡಿಲ್ಲ. ಮಗಳು ತನ್ನ ಕೂಸಿಗೆ ಹಾಡಬೇಕಾದಾಗ ಸಂಗತಿ ಬೇರೆಯೇ ಆಗುತ್ತದೆ. ಕಾಣೆಯಾದವನು ಅವಳಿಗೆ ಅಣ್ಣ, ಕೂಸಿಗೆ ಸೋದರಮಾವ. ಅಂದರೆ ಅವನು ನಾಲ್ಕನೆಯ ಸಾಲಿನಿಂದ ಮೂರನೆಯ ಸಾಲಿಗೆ ಬಂದಿದ್ದಾನೆ, ಅವಳು ಅಮ್ಮನಿಗಿಂತ ಒಂದು ಸಾಲು ಮೊದಲೇ ನಿಲ್ಲಬೇಕಾಗುತ್ತದೆ. ಅಥವಾ ಧೈರ್ಯ ಮಾಡಿ ಹಾಡಬೇಕಾಗುತ್ತದೆ. ತಾಲೀಮಿನಲ್ಲಿ ಇದನ್ನು ಬರೀ ಮಾಡಿಸಿ ನೋಡಿ: ಒಬ್ಬಳು ಕೂಸನ್ನು ಆಡಿಸುತ್ತ “ಅತ್ತೆ ಬೈದಳೆ ನಿನ್ನ” ಹಾಡಿ ಉಸಿರು ತೆಗೆದುಕೊಳ್ಳುತ್ತಾಳೆ, ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ನಿಲ್ಲುತ್ತದೆ. ಅಷ್ಟಕ್ಕೆ ಯಾವ ಹಿನ್ನೆಲೆ ಸಂಗೀತವೂ ಬೇಡ.

ಹಾಡು ತಮಿಳಿನಲ್ಲಿರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸಾಲುಗಳು ಕನ್ನಡದಲ್ಲಿ, ತೂಗುವ ಪಲ್ಲವಿ ಮಾತ್ರ “ಆರಾರೋ ಆರಿರರೋ” ಎಂದು ತಮಿಳಿನಲ್ಲಿ. ‘ಜೋ ಜೋ’ ಕೇಳಿ ಬೆಳೆದ ಕಿವಿಗೆ ಅದು ಬೇರೆ ಊರಿನದೆಂದು ಗೊತ್ತಾಗುತ್ತದೆ, ಅರ್ಥವೂ ಆಗುತ್ತದೆ.

ಜೋಗುಳ ಬೇಡವೆಂದರೆ ರೇಡಿಯೋದ ಹಾಡನ್ನು ಹಿಡಿಯಬಹುದು. 1952ರಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಬಹುಮಟ್ಟಿಗೆ ಮರೆಯಾದಾಗ ನಮ್ಮ ಜನ ಶ್ರೀಲಂಕಾದ ಬಾನುಲಿ ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು, ಅಮೀನ್ ಸಯಾನಿಯವರು ಅಲ್ಲಿ ನಡೆಸಿಕೊಡುತ್ತಿದ್ದ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಶುರುವಾದದ್ದೂ ಆ ವರ್ಷವೇ. ಈಗ ಎಪ್ಪತ್ತೈದು ದಾಟಿದ ಪ್ರೇಕ್ಷಕರಿಗೆ ಆ ದ್ವೀಪವೆಂದರೆ ಮೊದಲು ಹಾಡು. ಅವರ ಆ ನೆನಪು ನಿಮ್ಮ ನಾಟಕದ ಬಂಡವಾಳ.

3. ಮಾತು ಮತ್ತು ಸಂಬೋಧನೆ

ಇಲ್ಲಿ ನಮಗೆ ಅದೃಷ್ಟವಿದೆ. ಅಪ್ಪ, ಅಮ್ಮ, ಅಣ್ಣ, ಅಕ್ಕ ಎರಡೂ ಭಾಷೆಯಲ್ಲಿ ಒಂದೇ. ಜಾಫ್ನಾದವರು ತಾಯಿಯ ತಾಯಿಗೆ ‘ಅಮ್ಮಮ್ಮ’ ಎನ್ನುತ್ತಾರೆ, ನಮ್ಮ ಕುಂದಾಪುರ ಕಡೆಯಲ್ಲೂ ಆ ಮಾತಿದೆ. ಹಾಗಾಗಿ ಕರೆಯುವ ಶಬ್ದಗಳನ್ನು ಹಾಗೇ ಬಿಡಿ. ಉಳಿದ ಮಾತು ಸರಳವಾದ ಕರಾವಳಿ ಕನ್ನಡದಲ್ಲಿರಲಿ. ತಮಿಳರು ಎಂದು ತೋರಿಸಲು ಮುರುಕು ಕನ್ನಡ ಆಡಿಸುವ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ. ತಮ್ಮ ಮನೆಯೊಳಗೆ ಅವರು ತಮ್ಮ ಭಾಷೆಯನ್ನು ತಪ್ಪಿಲ್ಲದೆ ಆಡುತ್ತಾರೆ, ನಾಟಕದಲ್ಲೂ ಹಾಗೇ ಆಡಲಿ.

4. ಕೇಳಿ ತಿಳಿಯುವುದು

ಯುದ್ಧ ಕಾಣದ ನಟರಿಗೆ ಅಭಿನಯ ಎಲ್ಲಿಂದ ಎಂದಿರಲ್ಲ, ನಿಮ್ಮ ಬೀದಿಯಿಂದಲೇ. 1990ರಲ್ಲಿ ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಅಮ್ಮಾನ್ ದಾರಿಯಾಗಿ ವಿಮಾನ ಹತ್ತಿ ಬಂದ ಭಾರತೀಯರಲ್ಲಿ ನಮ್ಮ ಎರಡು ಜಿಲ್ಲೆಯವರು ಬಹಳ ಮಂದಿ. ಅದು ಅಂತರ್ಯುದ್ಧವಲ್ಲ, ಎರಡನ್ನೂ ಒಂದು ಮಾಡಬಾರದು. ಆದರೆ ಹೊರಡುವಾಗ ಚೀಲಕ್ಕೆ ಏನು ಹಾಕಿಕೊಂಡಿರಿ, ಯಾವುದನ್ನು ಬಿಟ್ಟಿರಿ, ಬಾಗಿಲಿಗೆ ಬೀಗ ಹಾಕಿದಿರಾ ಎಂದು ಕೇಳಿದರೆ ಸಿಗುವ ಉತ್ತರಗಳು ನಟರಿಗೆ ನೂರು ಪುಟ ಓದಿದ್ದಕ್ಕಿಂತ ಹೆಚ್ಚು ಕೊಡುತ್ತವೆ.

ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿವೆ. ಎಲ್ಲ ತಂಡಗಳೂ ಎಡವುವುದು ಇಲ್ಲಿ: ಇವರನ್ನು ಜಾಫ್ನಾದ ಯುದ್ಧ ನಿರಾಶ್ರಿತರೆಂದು ತಿಳಿಯುತ್ತಾರೆ. ಇವರು ಶ್ರೀಲಂಕಾದ ಗುಡ್ಡಗಾಡಿನ ಚಹಾ ತೋಟಗಳಿಂದ, ತೋಟದ ಕಾರ್ಮಿಕರನ್ನು ಭಾರತಕ್ಕೆ ಕರೆಸಿಕೊಳ್ಳುವ 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಪ್ರಕಾರ ಬಂದವರು. ಬ್ರಿಟಿಷರ ಕಾಲದಲ್ಲಿ ತೋಟದ ಕೆಲಸಕ್ಕೆ ಹೋದವರ ಮೊಮ್ಮಕ್ಕಳು. ಅವರ ಕಥೆ ಬೇರೆ, ಹಾಡುಗಳೂ ಬೇರೆ. ಭೇಟಿಗೆ ಹೋಗುವುದಾದರೆ ಪರಿಚಯದವರ ಮೂಲಕ ಹೋಗಿ. ನೋವಿನ ಪ್ರಶ್ನೆಯಿಂದ ಶುರು ಮಾಡಬೇಡಿ, ಅಡುಗೆ, ಹಾಡು, ಮದುವೆ ಕೇಳಿ. ಧ್ವನಿ ಮುದ್ರಿಸುವ ಮೊದಲು ಒಪ್ಪಿಗೆ ಕೇಳಿ, ಬೇಡವೆಂದರೆ ಮೊಬೈಲು ಕಿಸೆಗೆ ಹಾಕಿ. ಅವರ ಹೆಸರು, ಅವರು ಹೇಳಿದ ಮಾತು ಇದ್ದ ಹಾಗೇ ನಾಟಕಕ್ಕೆ ಬರಬಾರದು.

5. ರಂಗದ ಮೇಲೆ ಏನಿರಬೇಕು

ಸಾಮಾನು ಕಡಿಮೆ ಇರಲಿ, ಇದ್ದದ್ದು ಸರಿಯಾಗಿರಲಿ. ಜಾಫ್ನಾ ಒಣ ನೆಲ. ಅಡಿಕೆ ತೋಟ, ಮುರಕಲ್ಲಿನ ಗೋಡೆ, ಹೆಂಚಿನ ಮೇಲೆ ಪಾಚಿ ಇವೆಲ್ಲ ನಮ್ಮವು. ಅಲ್ಲಿ ತಾಳೆಮರ, ಗರಿಯ ಬೇಲಿ, ಸುಣ್ಣಕಲ್ಲಿನ ನೆಲ, ಏತದ ಬಾವಿ. ಅಡುಗೆಮನೆಗೆ ನಮ್ಮ ಶ್ಯಾವಿಗೆ ಒತ್ತುವ ದೊಡ್ಡ ಮಣೆ ತಂದಿಡಬೇಡಿ, ಅವರದು ಕೈಯಲ್ಲಿ ಒತ್ತುವ ಚಿಕ್ಕ ಅಚ್ಚು ಮತ್ತು ಬೇಯಿಸಲು ಹೆಣೆದ ಸಣ್ಣ ತಟ್ಟೆಗಳು.

ಮುಖ್ಯವಾದದ್ದು ಫೋಟೊ. ಮಗನ ಫೋಟೊಗೆ ಹಾರ ಹಾಕಬೇಡಿ. ನಮ್ಮ ಜನಕ್ಕೆ ಹಾರ ಹಾಕಿದ ಫೋಟೊ ಎಂದರೆ ತೀರಿಕೊಂಡವರು, ಪರದೆ ಎದ್ದ ಕ್ಷಣದಲ್ಲೇ ಕಥೆ ಮುಗಿಯಿತು. ಅವನು ಸತ್ತಿದ್ದಾನೆಂದು ಆ ಮನೆಯಲ್ಲಿ ಯಾರೂ ಒಪ್ಪಿಲ್ಲ, ಉತ್ತರಕ್ರಿಯೆ ಆಗಿಲ್ಲ, ತಾಯಿ ಧರಣಿಗೆ ಹೋಗುವಾಗ ಅದೇ ಫೋಟೊವನ್ನು ಗೋಡೆಯಿಂದ ತೆಗೆದು ಎದೆಗೆ ಹಿಡಿದುಕೊಂಡು ಹೋಗುತ್ತಾಳೆ. ಯಾರೋ ನೆಂಟರು ಒಳ್ಳೆಯ ಮನಸ್ಸಿನಿಂದಲೇ ಒಂದು ಹಾರ ತಂದರು ಎಂದಿಟ್ಟುಕೊಳ್ಳಿ. ಆ ಹಾರ ಎಲ್ಲಿಗೆ ಹೋಗುತ್ತದೆ? ಇದೊಂದು ಇಡೀ ದೃಶ್ಯ.

ಇನ್ನೊಂದು ನಾಗಸ್ವರ. ಅದರ ಬಾಯಿಗಿಡುವ ಜೊಂಡಿನ ಪೀಪಿಗೆ ತಮಿಳಿನಲ್ಲಿ ಸೀವಾಳಿ ಎಂದು ಹೆಸರು. ನುಡಿಸುವ ಮೊದಲು ಅದನ್ನು ಬಾಯಲ್ಲಿ ಇಟ್ಟುಕೊಂಡು ಒದ್ದೆ ಮಾಡಬೇಕು, ಒಣಗಿದ್ದರೆ ಸ್ವರ ಹೊರಡುವುದಿಲ್ಲ. ವಾದ್ಯಕ್ಕೆ ಕಟ್ಟಿದ ದಾರದಲ್ಲಿ ಒಂದೆರಡು ಹೆಚ್ಚಿನ ಪೀಪಿಗಳೂ ಅದನ್ನು ಸರಿಪಡಿಸುವ ಕಡ್ಡಿಯೂ ತೂಗುತ್ತಿರುತ್ತವೆ. ನಿಮ್ಮ ಊರ ದೇವಸ್ಥಾನದಲ್ಲಿ ವಾದ್ಯ ನುಡಿಸುವವರ ಹತ್ತಿರ ಹೋಗಿ ಕೂತು ನೋಡಿ. ಅಪ್ಪನ ಪಾತ್ರದವನು ಅದನ್ನು ಅವರಿಂದಲೇ ಕಲಿಯಬೇಕು: ಬಟ್ಟೆ ಬಿಚ್ಚುವುದು, ದಾರ ಬಿಡಿಸುವುದು, ಪೀಪಿಯನ್ನು ಬೆಳಕಿಗೆ ಹಿಡಿದು ಬಿರುಕು ನೋಡುವುದು, ಬಾಯಲ್ಲಿ ಇಟ್ಟುಕೊಳ್ಳುವುದು. ಅವನು ಅಷ್ಟು ಮಾಡಿ ಊದದೆ ಮತ್ತೆ ಸುತ್ತಿಟ್ಟರೆ ಸಭೆ ಉಸಿರು ಬಿಗಿಹಿಡಿಯುತ್ತದೆ. ನಾಟಕದಲ್ಲಿ ನಾಗಸ್ವರ ಊದುವುದಾದರೆ ಒಂದೇ ಸಲ, ಅದೂ ಸಾವಿಗೆ ಅಲ್ಲ. ಅದು ಮಂಗಳವಾದ್ಯ.

6. ತಾಲೀಮು

ಮೊದಲ ಎರಡು ವಾರ ಕೂತು ಓದುವುದು, ಮುಂದಿನ ನಾಲ್ಕು ವಾರ ಬ್ಲಾಕಿಂಗ್, ಅಂದರೆ ಯಾವ ಮಾತಿಗೆ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಎಂದು ಗೊತ್ತುಮಾಡುವುದು. ಹಾಡಿನ ಅಭ್ಯಾಸ ಮೊದಲ ದಿನದಿಂದಲೇ. ಎಲ್ಲರೂ ಪೂರ್ತಿ ಹಾಡನ್ನು ಕಲಿಯಬೇಕು, ನಿಲ್ಲಿಸುವವರು ಕೂಡ. ಮುಂದಿನ ಸಾಲು ನಾಲಿಗೆ ತುದಿಯಲ್ಲಿ ಇದ್ದು ನಿಲ್ಲಿಸುವುದಕ್ಕೂ ಗೊತ್ತಿಲ್ಲದೆ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ, ಹಿಂದಿನ ಸಾಲಿನಲ್ಲಿ ಕೂತವರಿಗೂ ಅದು ಕಾಣುತ್ತದೆ.

ಅಳುವಿನ ದೃಶ್ಯಗಳನ್ನು ದಿನಾ ಪೂರ್ತಿ ಆವೇಶದಲ್ಲಿ ಮಾಡಿಸಬೇಡಿ. ನಟರಲ್ಲಿ ಯಾರ ಮನೆಯಲ್ಲಿ ಯಾವ ಸಾವಾಗಿದೆಯೋ ನಿರ್ದೇಶಕರಿಗೆ ಗೊತ್ತಿರುವುದಿಲ್ಲ. ನಮ್ಮ ತಂಡದಲ್ಲಿ ಒಬ್ಬಳು ತಾಲೀಮಿನ ಮಧ್ಯೆ ಎದ್ದು ಹೊರಗೆ ಹೋದಳು, ತಿರುಗಿ ಬರಲು ಮೂರು ದಿನ ಬೇಕಾಯಿತು. ಅಂದಿನಿಂದ ಪ್ರತಿದಿನ ತಾಲೀಮು ಮುಗಿದ ಮೇಲೆ ಚಹಾ ಕುಡಿದು, ಬೇರೆ ಮಾತಾಡಿ, ಆಮೇಲೆ ಮನೆಗೆ ಹೊರಡುವ ಕ್ರಮ ಇಟ್ಟುಕೊಂಡಿದ್ದೇವೆ.

ವಾದ್ಯದವರು ಬೇಕಿದ್ದರೆ ದಿನ ಮೊದಲೇ ನೋಡಿಕೊಳ್ಳಿ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ಹಿಮ್ಮೇಳದವರು ಸಿಗುವುದು ಕಷ್ಟ. ಮದುವೆ ಮುಹೂರ್ತದ ತಿಂಗಳುಗಳಲ್ಲಿ ನಾಗಸ್ವರದವರೂ ಅಷ್ಟೆ.

7. ಶಬ್ದ ಮತ್ತು ಬೆಳಕು

ಗುಂಡಿನ ಶಬ್ದ, ಹೆಲಿಕಾಪ್ಟರ್, ಬೆಳಕು ಪಟಪಟನೆ ಹೊಡೆದುಕೊಳ್ಳುವ ಸ್ಟ್ರೋಬ್ ಯಾವುದೂ ಬೇಡ. ಯುದ್ಧವನ್ನು ಮನೆಯ ಶಬ್ದದಲ್ಲಿ ತನ್ನಿ. ಪಟಾಕಿ ಹೊಡೆದರೆ ಅಮ್ಮಮ್ಮ ಏನು ಮಾಡುತ್ತಾಳೆ? ಗಾಳಿಗೆ ಬಾಗಿಲು ಬಡಿದರೆ ಮಗಳು ಮೊದಲು ಯಾರ ಮುಖ ನೋಡುತ್ತಾಳೆ?

ನೆನಪಿನ ದೃಶ್ಯವೆಂದ ಕೂಡಲೇ ನೀಲಿ ಬೆಳಕು ಮತ್ತು ಹೊಗೆ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ. ನೆನಪು ಬರುವವರಿಗೆ ಅದು ಈಗಿನಷ್ಟೇ ನಿಚ್ಚಳ. ಬಣ್ಣ ಬದಲಿಸದೆ ಬೆಳಕು ಬರುವ ದಿಕ್ಕನ್ನು ಬದಲಿಸಿ: ಇಂದಿನದಕ್ಕೆ ಬಲಗಡೆಯ ಕಿಟಕಿ, ಅಂದಿನದಕ್ಕೆ ಎಡಗಡೆಯ ಬಾಗಿಲು.

ಕ್ಯೂ ಹಾಳೆ ಬರೆದಿಡಿ. ಕ್ಯೂ ಎಂದರೆ ಯಾವ ಮಾತು ಅಥವಾ ಚಲನೆ ಆದ ಕೂಡಲೇ ಬೆಳಕು, ಶಬ್ದ ಬದಲಾಗಬೇಕು ಎಂಬ ಗುರುತು. ಶಬ್ದವನ್ನು ಮೊಬೈಲಿನಿಂದ ಬಿಡುವುದಾದರೆ ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಒಂದು ಪ್ರದರ್ಶನದಲ್ಲಿ ನಾನೇ ಅದನ್ನು ಮರೆತು, ಅಪ್ಪ ಪೀಪಿಯನ್ನು ಬಾಯಿಗಿಡುವ ಹೊತ್ತಿಗೆ ಇಡೀ ಸಭಾಂಗಣಕ್ಕೆ ನನ್ನ ಫೋನಿನ ರಿಂಗ್ ಕೇಳಿಸಿತ್ತು. ಎರಡು ತಿಂಗಳು ಕಲಿತು ಬಂದಿದ್ದ ಆ ನಟನ ಮುಖ ಇನ್ನೂ ಕಣ್ಣ ಮುಂದಿದೆ.

8. ಅನುಮತಿಗಳು

ಬೇರೆಯವರ ನಾಟಕವಾದರೆ ಬರೆದವರ, ಅನುವಾದವಾದರೆ ಅನುವಾದಕರ ಒಪ್ಪಿಗೆ ಲಿಖಿತವಾಗಿ ಪಡೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕರ್ತೃ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಹವ್ಯಾಸಿ ಸಂಘವೊಂದು ದುಡ್ಡು ತೆಗೆದುಕೊಳ್ಳದೆ ಪ್ರೇಕ್ಷಕರ ಮುಂದೆ ಆಡಿದರೆ ಸೆಕ್ಷನ್ 52ರಲ್ಲಿ ವಿನಾಯಿತಿ ಇದೆ, ಟಿಕೆಟ್ ಇಟ್ಟರೆ ಅದು ಸಿಗುವುದಿಲ್ಲ. ವಿನಾಯಿತಿ ಇದ್ದರೂ ಬರೆದವರಿಗೆ ಒಂದು ಮಾತು ತಿಳಿಸುವುದು ಮರ್ಯಾದೆ. ಸಿನಿಮಾ ಹಾಡಿನ ಧ್ವನಿಮುದ್ರಿಕೆಗೆ ಪ್ರತ್ಯೇಕ ಹಕ್ಕಿರುತ್ತದೆ. ಯೂಟ್ಯೂಬಿಗೆ ಏರಿಸುವ ಯೋಚನೆಯಿದ್ದರೆ ಅಂಥ ಹಾಡನ್ನು ಬಳಸದಿರುವುದೇ ನೆಮ್ಮದಿ, ನೀವೇ ಕಟ್ಟಿದ ಜೋಗುಳಕ್ಕೆ ಈ ತೊಂದರೆ ಇಲ್ಲ. ಬಯಲಿನಲ್ಲಿ ಆಡುವುದಾದರೆ ಧ್ವನಿವರ್ಧಕಕ್ಕೆ ಪರವಾನಗಿ ಬೇಕು, ರಾತ್ರಿ 10ರ ಮಿತಿ ನೆನಪಿರಲಿ.

9. ಪ್ರದರ್ಶನದ ದಿನ

ಉಡುಪಿಯ ಎಂಜಿಎಂ ಕಾಲೇಜಿನ ಮುದ್ದಣ ಮಂಟಪವಾಗಲಿ, ಮಂಗಳೂರಿನ ಪುರಭವನವಾಗಲಿ, ಊರ ಶಾಲೆಯ ವೇದಿಕೆಯಾಗಲಿ, ಮಧ್ಯಾಹ್ನವೇ ಹೋಗಿ ಕೊನೆಯ ಸಾಲಿನಲ್ಲಿ ಕೂತು ಜೋಗುಳವನ್ನು ಮೈಕ್ ಇಲ್ಲದೆ ಹಾಡಿಸಿ ಕೇಳಿ. ಫ್ಯಾನ್ ತಿರುಗುವಾಗ ಒಮ್ಮೆ, ನಿಲ್ಲಿಸಿ ಒಮ್ಮೆ. ಕೇಳದಿದ್ದರೆ ಹಾಡುವವಳನ್ನು ಎರಡು ಹೆಜ್ಜೆ ಮುಂದೆ ತನ್ನಿ. ಕೊರಳಿಗೆ ಮೈಕ್ ಸಿಕ್ಕಿಸುವುದು ಕೊನೆಯ ಉಪಾಯ.

ನಾಟಕ ಶುರುವಾಗುವ ಮೊದಲು ಒಂದೇ ವಾಕ್ಯದ ಪ್ರಕಟಣೆ ಇರಲಿ: ಇದರಲ್ಲಿ ಕಾಣೆಯಾದ ಮಗನ ವಿಷಯವಿದೆ, ಯಾರಿಗಾದರೂ ಕಷ್ಟವಾದರೆ ಎದ್ದು ಹೋಗಬಹುದು, ಬಾಗಿಲ ಹತ್ತಿರ ನಮ್ಮವರು ಇದ್ದಾರೆ. ನಿಜವಾಗಿಯೂ ಒಬ್ಬರನ್ನು ಅಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲಿಸಿ. ಮುಗಿದ ಕೂಡಲೇ ಸನ್ಮಾನ, ಹಾರ, ಶಾಲು ಶುರು ಮಾಡಬೇಡಿ. ಸಂಘಟಕರೊಂದಿಗೆ ಮೊದಲೇ ಮಾತಾಡಿ ಹತ್ತು ನಿಮಿಷ ಕೇಳಿಕೊಳ್ಳಿ. ಆ ಹೊತ್ತಿನಲ್ಲಿ ಯಾರಾದರೂ ಹಿರಿಯರು ವೇದಿಕೆಯ ಬದಿಗೆ ಬಂದು ತಮ್ಮ ಮನೆಯ ಜೋಗುಳದ ಮಾತು ತೆಗೆಯಬಹುದು. ಮೇಕಪ್ ತೆಗೆಯುವ ಕೆಲಸ ಆಮೇಲೆ ಆಗಲಿ, ಅವರಿಗೆ ಒಂದು ಕುರ್ಚಿ ಕೊಡಿ.